ಹೂಡಿಯ ಒಂದು ಕೋ-ಲಿವಿಂಗ್ ವಸತಿ: ಬಾಡಿಗೆಯ ಲೆಕ್ಕ, ಹಂಚಿಕೆಯ ಸೌಲಭ್ಯಗಳ ಲೆಕ್ಕ

ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಹೂಡಿಯಲ್ಲಿ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರುವ ಒಂದು ಕೋ-ಲಿವಿಂಗ್ (ಮಲಗುವ ಕೋಣೆ ಬೇರೆ, ಅಡುಗೆಮನೆ ಮುಂತಾದವು ಎಲ್ಲರಿಗೂ ಒಂದೇ) ಕಟ್ಟಡದಲ್ಲಿ ಕಳೆದ ವರ್ಷದ ಬಹುಭಾಗವನ್ನು ಕಳೆದಿದ್ದೇನೆ. ಒಬ್ಬರೇ ಇರುವ ಕೋಣೆಗೆ ತಿಂಗಳಿಗೆ 16,500 ರೂಪಾಯಿ. ಅದೇ ರಸ್ತೆಯಲ್ಲಿ ಟು-ಲೆಟ್ ಬೋರ್ಡು ತಗುಲಿಸಿದ್ದ ಒಂದು ಬೆಡ್‌ರೂಮಿನ ಮನೆಗೆ 18,000 ಹೇಳುತ್ತಿದ್ದರು. ಒಂದೂವರೆ ಸಾವಿರ ಹೆಚ್ಚು ಕೊಟ್ಟರೆ ಸ್ವಂತ ಅಡುಗೆಮನೆಯೂ ಸ್ವಂತ ಬೀಗದ ಕೈಯೂ ಸಿಗುವಾಗ ಹಂಚಿಕೊಂಡು ಬದುಕುವುದೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಬೆಂಗಳೂರಿನಲ್ಲಿ ಮನೆಯ ಖರ್ಚೆಂದರೆ ಬೋರ್ಡಿನ ಮೇಲಿನ ಬಾಡಿಗೆಯಷ್ಟೇ ಅಲ್ಲ.

ಆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್, ಅಂದರೆ 1,80,000 ರೂಪಾಯಿ ಕೇಳಿದರು. ಈಗೀಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ, ಆದರೆ ಹತ್ತರ ರೂಢಿ ಹೋಗಿಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೇ ಆದ್ದರಿಂದ ಇಲ್ಲಿನ ಮಾಲೀಕರು ಅದರತ್ತ ತಿರುಗಿಯೂ ನೋಡುವುದಿಲ್ಲ. ಅಷ್ಟು ಹಣವನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ ತಿಂಗಳಿಗೆ ಸುಮಾರು 1,050 ರೂಪಾಯಿ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಕಡಿತವಾಗುವ ಇನ್ನೊಂದು ತಿಂಗಳ ಬಾಡಿಗೆ, ಇವೆರಡನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಹಂಚಿದರೆ ತಿಂಗಳಿಗೆ 3,270ರಷ್ಟಾಗುತ್ತದೆ. ಮೇಂಟೆನೆನ್ಸ್ 2,000 ಸೇರಿಸಿದರೆ 18,000ದ ಮನೆ 24,000 ದಾಟುತ್ತದೆ. ಮಂಚ, ಫ್ರಿಜ್, ಗ್ಯಾಸ್ ಸಂಪರ್ಕ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ.

ಕೋ-ಲಿವಿಂಗ್‌ನಲ್ಲಿ ಅಡ್ವಾನ್ಸ್ ಎರಡು ತಿಂಗಳದ್ದು, ಬ್ರೋಕರ್ ಇಲ್ಲ, ಮಂಚ, ಬೀರು, ವೈಫೈ ಎಲ್ಲ ಸೇರಿಯೇ ಬಾಡಿಗೆ. ಜಿಎಸ್‌ಟಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಇರುವ ವಸತಿಗೆ 2024ರ ಜುಲೈಯಿಂದ ತೆರಿಗೆ ವಿನಾಯಿತಿ ಇದೆ. ನನ್ನ ರಸೀದಿಗಳಲ್ಲಿ ತೆರಿಗೆ ಹಾಕಿರಲಿಲ್ಲ. ಬೇರೆಡೆ ಹಾಕಿದ್ದರೆ ಕಾರಣ ಕೇಳಬಹುದು.

ಹೀಗಾಗಿ ಮೊದಲ ವರ್ಷದ ಹಣದ ಲೆಕ್ಕದಲ್ಲಿ ಈ ವಸತಿ ಗೆದ್ದೇ ಗೆಲ್ಲುತ್ತದೆ. ನನ್ನ ತಕರಾರಿರುವುದು ಸೌಲಭ್ಯಗಳ ಬಗ್ಗೆ. ಜಾಹೀರಾತಿನಲ್ಲಿ ಅಡುಗೆಮನೆ, ವಾಷಿಂಗ್ ಮಷಿನ್, ಜಿಮ್, ಕೂತು ಕೆಲಸ ಮಾಡುವ ಹಾಲ್, ಟೆರೇಸ್ ಎಂದು ಉದ್ದದ ಪಟ್ಟಿ ಇರುತ್ತದೆ. ಒಂದೊಂದನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ನಮ್ಮ ಮಹಡಿಯಲ್ಲಿ ಸುಮಾರು ಇಪ್ಪತ್ತು ಜನರಿದ್ದೆವು. ವಾಷಿಂಗ್ ಮಷಿನ್ ಎರಡು, ಅವುಗಳಲ್ಲಿ ಒಂದು ಆಗಾಗ ರಿಪೇರಿಗೆ ಕಾಯುತ್ತಿತ್ತು. ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಕೋಣೆಯ ನಂಬರನ್ನು ಮಾರ್ಕರ್‌ನಲ್ಲಿ ಬರೆದ ಬಕೆಟ್‌ಗಳು ಮಷಿನ್ ಮುಂದೆ ಸಾಲು ನಿಲ್ಲುತ್ತಿದ್ದವು. ಒಗೆತ ಮುಗಿದರೂ ಬಟ್ಟೆ ತೆಗೆಯಲು ಬಾರದವರ ಒದ್ದೆ ಬಟ್ಟೆಯನ್ನು ಮುಂದಿನವರು ಮಷಿನ್ ಮೇಲೆ ಎತ್ತಿಹಾಕುತ್ತಿದ್ದರು, ಅಲ್ಲಿಂದ ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಜಗಳ. ವಾರದ ನಡುವೆ ರಾತ್ರಿ ಹತ್ತರ ಮೇಲೆ ಒಗೆಯುವವರಿಗೆ ಈ ಕಷ್ಟವಿಲ್ಲ.

ಅಡುಗೆಮನೆಯ ಕಥೆ ಇದಕ್ಕಿಂತ ಮುಖ್ಯವಾದದ್ದು, ಏಕೆಂದರೆ ತಿಂಗಳ ಖರ್ಚು ಏರುವುದೂ ಇಳಿಯುವುದೂ ಅಲ್ಲಿಯೇ. ಇಪ್ಪತ್ತು ಜನಕ್ಕೆ ಎರಡು ಬರ್ನರಿನ ಒಂದು ಇಂಡಕ್ಷನ್ ಒಲೆ, ಒಂದು ಫ್ರಿಜ್. ಅನ್ನಕ್ಕಿಟ್ಟು ಒಗ್ಗರಣೆ ಹಾಕುವಷ್ಟರಲ್ಲಿ ಹಿಂದೆ ಇಬ್ಬರು ಪಾತ್ರೆ ಹಿಡಿದು ನಿಂತಿರುತ್ತಿದ್ದರು. ಹೆಸರು ಬರೆದಿಟ್ಟ ಮೊಸರಿನ ಡಬ್ಬಿ ಸಂಜೆಯ ಹೊತ್ತಿಗೆ ಅರ್ಧವಾಗಿರುತ್ತಿದ್ದುದನ್ನು ದೂರು ಎಂದು ಬರೆಯಲು ಸಂಕೋಚವಾಗುತ್ತದೆ. ಇಂಥ ಅಡುಗೆಮನೆಯಿದ್ದರೆ ಜನ ಬೇಗ ಸೋತು, ಸಂಸ್ಥೆಯವರೇ ಕೊಡುವ 3,500 ರೂಪಾಯಿಯ ಊಟದ ಪ್ಲಾನ್‌ಗೆ ಸೇರುತ್ತಾರೆ. ಆ ಊಟ ಕೆಟ್ಟದ್ದಲ್ಲ. ಬೆಳಗಿನ ಇಡ್ಲಿ, ಚಿತ್ರಾನ್ನ ಚೆನ್ನಾಗಿಯೇ ಇರುತ್ತಿದ್ದವು. ರಾತ್ರಿ ಮಾತ್ರ ವಾರವಿಡೀ ಒಂದೇ ಬಣ್ಣದ ಗ್ರೇವಿ. ಜೋಳದ ರೊಟ್ಟಿ ಉಂಡು ಬೆಳೆದವರು ಆ ಚಪಾತಿಯ ಬಗ್ಗೆ ಏನೂ ನಿರೀಕ್ಷೆ ಇಟ್ಟುಕೊಳ್ಳದಿರುವುದು ಲೇಸು.

ಜಿಮ್‌ನಲ್ಲಿ ಎರಡು ಟ್ರೆಡ್‌ಮಿಲ್, ಒಂದಿಷ್ಟು ಡಂಬೆಲ್ಸ್ ಇವೆ. ಹೋಗುವವರು ಕಡಿಮೆ.

ಕೋಣೆಯ ಅಳತೆಯನ್ನು ನೋಡಲು ಹೋದಾಗಲೇ ತೆಗೆದುಕೊಳ್ಳಬೇಕು. ಟೇಪ್ ಇಲ್ಲದಿದ್ದರೆ ಎರಡಡಿಯ ಟೈಲ್ಸ್ ಎಣಿಸಿದರಾಯಿತು: ನನ್ನ ಕೋಣೆ ಅಡ್ಡಕ್ಕೆ ನಾಲ್ಕೂವರೆ, ಉದ್ದಕ್ಕೆ ಐದೂವರೆ ಟೈಲ್ಸ್, ಅಂದರೆ 9 ಅಡಿ, 11 ಅಡಿ, ಒಟ್ಟು 99 ಚದರಡಿ. ಪಿ.ಜಿ.ಗಳಿಗಾಗಿ ಆಗಿನ ನಗರ ಪಾಲಿಕೆ ಬಿಬಿಎಂಪಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದಿದೆ. ಒಬ್ಬರಿಗೆ ನನ್ನ ಕೋಣೆ ಧಾರಾಳ. ಇದೇ ಅಳತೆಯ ಪಕ್ಕದ ಕೋಣೆಯಲ್ಲಿ ಎರಡು ಮಂಚ ಹಾಕಿ ತಲಾ 10,500 ಪಡೆಯುತ್ತಿದ್ದರು, ಅಲ್ಲಿ ಒಬ್ಬರ ಪಾಲಿಗೆ 50 ಚದರಡಿಯೂ ಬೀಳುತ್ತಿರಲಿಲ್ಲ. ಈ ವಸತಿಯಲ್ಲಿ ಇಬ್ಬರ ಕೋಣೆ ಹಿಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಬೆಲೆಗೆ ಸುತ್ತಮುತ್ತಲಿನ ಸಾಧಾರಣ ಪಿ.ಜಿ.ಗಳಲ್ಲಿ ಮೂರು ಹೊತ್ತಿನ ಊಟವೂ ಸೇರಿರುತ್ತದೆ.

ಈ ಭಾಗದಲ್ಲಿ ನೀರಿನ ವಿಚಾರಣೆ ಮಾಡದೆ ಮುಂಗಡ ಕೊಡಬಾರದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ನಗರದ ಈ ಹೊರವಲಯ ಪೂರ್ತಿ ಟ್ಯಾಂಕರ್ ನಂಬಿಕೊಂಡಿತ್ತು. ನಗರದ ವ್ಯಾಪ್ತಿಗೆ ಈ ಹಿಂದೆಯೇ ಸೇರಿದ್ದ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಅದೇ ವರ್ಷದ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ಆದರೆ ಕೊಳವೆ ರಸ್ತೆಗೆ ಬರುವುದು ಬೇರೆ, ಕಟ್ಟಡ ಸಂಪರ್ಕ ಪಡೆಯುವುದು ಬೇರೆ. ನಮ್ಮಲ್ಲಿ ಬೋರ್ ಮತ್ತು ಟ್ಯಾಂಕರ್ ನೀರು ಬೆರೆತು ಬರುತ್ತಿತ್ತು. ಹೊಸ ಬಕೆಟ್‌ನ ಒಳಗೆ ಕೆಲವೇ ವಾರಗಳಲ್ಲಿ ಬಿಳಿಯ ಪದರ ಕಟ್ಟಿತು. ನೀರು ನಿಂತದ್ದು ಮಾತ್ರ ಅಪರೂಪ, ಅದಕ್ಕಾಗಿ ಮ್ಯಾನೇಜರ್‌ಗೆ ಅಂಕ ಕೊಡಲೇಬೇಕು.

ಕರೆಂಟಿಗೆ ಪ್ರತಿ ಕೋಣೆಗೂ ಸಬ್ ಮೀಟರ್ ಇದೆ, ಯೂನಿಟ್‌ಗೆ ಅವರು ನಿಗದಿಪಡಿಸಿದ ದರ. ಗೀಸರ್ ಸೇರಿ ತಿಂಗಳಿಗೆ ಸಾವಿರದ ಆಸುಪಾಸು ಬರುತ್ತಿತ್ತು. ಕಟ್ಟಡದ ಸಂಪರ್ಕ ವಾಣಿಜ್ಯದ್ದಾದ್ದರಿಂದ ಗೃಹಜ್ಯೋತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಬಾಡಿಗೆ ಮನೆಯವರಿಗೆ ಆ ಯೋಜನೆ ಸಿಗುತ್ತದೆ ಎಂಬುದನ್ನು ಹೋಲಿಕೆಯಲ್ಲಿ ಮರೆಯಬಾರದು.

ಎರಡು ವರ್ಷ ನಿಲ್ಲುವ ಖಾತ್ರಿಯಿದ್ದು, ಜೊತೆಗೆ ನಂಬುವ ಗೆಳೆಯರೊಬ್ಬರು ಸಿಕ್ಕರೆ ಲೆಕ್ಕ ಬದಲಾಗುತ್ತದೆ. 28,000 ಬಾಡಿಗೆ, 3,000 ಮೇಂಟೆನೆನ್ಸ್‌ನ ಎರಡು ಬೆಡ್‌ರೂಮಿನ ಮನೆಯನ್ನು ಇಬ್ಬರು ಹಿಡಿದರೆ, ಅಡ್ವಾನ್ಸ್‌ನ ಬಡ್ಡಿ, ಬ್ರೋಕರ್, ಪೇಂಟಿಂಗ್ ಎಲ್ಲವನ್ನೂ ಎರಡು ಕರಾರುಗಳ ಅವಧಿಗೆ ಹಂಚಿದಾಗ ತಲೆಗೆ 17,600ರಷ್ಟಾಗುತ್ತದೆ. ಕರೆಂಟ್ ಸೇರಿಸಿದರೆ ಕೋ-ಲಿವಿಂಗ್ ಕೂಡ ಅಲ್ಲಿಗೇ ಬಂದು ನಿಲ್ಲುತ್ತದೆ. ಒಂದೇ ಖರ್ಚಿಗೆ ಒಂದು ಕಡೆ ಒಲೆಗೆ ಇಬ್ಬರು, ಇನ್ನೊಂದು ಕಡೆ ಇಪ್ಪತ್ತು ಜನ.

ಊರಿಗೆ ಹೊಸಬರಾಗಿ, ಪ್ರೊಬೇಷನ್‌ನಲ್ಲಿದ್ದು, ಆರೇಳು ತಿಂಗಳಲ್ಲಿ ಆಫೀಸೋ ಬಡಾವಣೆಯೋ ಬದಲಾಗಬಹುದಾದವರಿಗೆ ಒಬ್ಬರ ಕೋಣೆಯನ್ನು ಧೈರ್ಯವಾಗಿ ಹೇಳುತ್ತೇನೆ. ಐದಕ್ಕೆ ಮೂರೂವರೆ ಅಂಕ. ಸಹಿ ಹಾಕುವ ಮುನ್ನ ಕರಾರನ್ನು ಓದಿ. ಅದು ಬಾಡಿಗೆ ಕರಾರಲ್ಲ, ವಾಸಕ್ಕೆ ಅನುಮತಿ ಕೊಡುವ ಲೈಸೆನ್ಸ್. ಆರು ತಿಂಗಳಿಗೆ ಮೊದಲು ಬಿಟ್ಟರೆ ಅಡ್ವಾನ್ಸ್ ಪೂರ್ತಿ ಹೋಗುತ್ತದೆ, ಮೂವತ್ತು ದಿನದ ನೋಟಿಸನ್ನು ಆ್ಯಪ್‌ನಲ್ಲಿಯೇ ಕೊಡಬೇಕು, ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನನ್ನ ಅಡ್ವಾನ್ಸ್‌ನಲ್ಲಿ ಕ್ಲೀನಿಂಗ್ ಹೆಸರಿನಲ್ಲಿ 1,500 ಹಿಡಿದುಕೊಂಡರು. ಕೋಣೆಗೆ ಸೇರಿದ ದಿನವೇ ತೆಗೆದಿಟ್ಟಿದ್ದ ಫೋಟೊಗಳನ್ನು ಕಳಿಸಿದ ಮೇಲೆ ಅದರಲ್ಲಿ ಸಾವಿರ ವಾಪಸ್ ಬಂತು.