ಡ್ಯೂಪ್ಲೆಕ್ಸ್ ಸ್ಟೀಮ್ ಪಂಪ್: ಒಂದು ವರ್ಷ ಓಡಿಸಿದ ಮೇಲೆ

ನಮ್ಮ ಬಾಯ್ಲರ್‌ಗೆ ನೀರು ತುಂಬೋಕೆ ಮೊದಲು ಸಿಂಗಲ್ ಸಿಲಿಂಡರ್ ಸ್ಟೀಮ್ ಪಂಪ್ ಇತ್ತು, ನಿಧಾನಕ್ಕೆ ಓಡ್ಸಿದ್ರೆ ವಾಲ್ವ್ ಮಧ್ಯದಲ್ಲೇ ನಿಂತುಬಿಡೋದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ರೇನೇ ಮತ್ತೆ ಶುರು. ಡ್ಯೂಪ್ಲೆಕ್ಸ್ ಹಾಕ್ಸಿ ಈಗ ಒಂದು ವರ್ಷ ಆಯ್ತು, ನಿಜವಾಗ್ಲೂ ಖುಷಿಯಾಗಿದೆ. ಇದ್ರಲ್ಲಿ ಎರಡು ಪಂಪ್ ಅಕ್ಕಪಕ್ಕ, ಒಂದರ ಪಿಸ್ಟನ್ ರಾಡ್ ಇನ್ನೊಂದರ ಸ್ಲೈಡ್ ವಾಲ್ವ್ (ಅತ್ತಿತ್ತ ಜಾರಿ ಸ್ಟೀಮ್‌ನ ದಾರಿ ತೆಗೆದು ಮುಚ್ಚೋದು) ಆಡಿಸುತ್ತೆ, ಯಾವಾಗ್ಲೂ ಒಂದು ಕಡೆ ಸ್ಟೀಮ್‌ಗೆ ದಾರಿ ಇದ್ದೇ ಇರುತ್ತೆ, ಹಾಗಾಗಿ ಸಿಕ್ಕಿಕೊಳ್ಳೋ ಮಾತೇ ಇಲ್ಲ, ಓಟ ನಿಲ್ಲದ ಹಾಗೆ ತಿರುಗೋ ಭಾರದ ಚಕ್ರ, ಅಂದ್ರೆ ಫ್ಲೈವೀಲೂ ಬೇಡ. ಅಮೆರಿಕದ ಇಂಜಿನಿಯರ್ ಹೆನ್ರಿ ವರ್ದಿಂಗ್ಟನ್ 19ನೇ ಶತಮಾನದಲ್ಲೇ ತಂದ ಐಡಿಯಾ ಇದು, ಇದಕ್ಕಿಂತ ಸಿಂಪಲ್ ಆದದ್ದು ನಾನು ನೋಡಿಲ್ಲ. ನೀರು ಹೊರಗೆ ಹೋಗೋ ಡೆಲಿವರಿ ಪೈಪ್ ಮೇಲೆ ಕೈಯಿಟ್ರೆ ಮೊದಲಿನ ಧಡ್ ಧಡ್ ಏಟು ಇಲ್ಲ, ಒಂದು ಸ್ಟ್ರೋಕ್ ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗಿರುತ್ತೆ, ಉಳಿದ ಅದುರನ್ನ ಏರ್ ವೆಸೆಲ್, ಅಂದ್ರೆ ಗಾಳಿ ತುಂಬಿದ ಡಬ್ಬಿ, ನುಂಗುತ್ತೆ (ಅದ್ರಲ್ಲಿ ಗಾಳಿ ಕಮ್ಮಿಯಾಗದ ಹಾಗೆ ನೋಡ್ಕೋಬೇಕು). ಸ್ಟೀಮ್ ಪಿಸ್ಟನ್ ನೀರಿನ ಪಿಸ್ಟನ್‌ಗಿಂತ ದೊಡ್ಡದಿರೋದ್ರಿಂದ ಬಾಯ್ಲರ್‌ನ ಸ್ಟೀಮೇ ಅದೇ ಬಾಯ್ಲರ್‌ಗೆ ನೀರು ತಳ್ಳುತ್ತೆ, ಅದನ್ನ ನೋಡೋದೇ ಒಂದು ಚೆಂದ.

ಬೇಜಾರು ಅಂದ್ರೆ ಸ್ಟೀಮ್ ಜಾಸ್ತಿ ಕುಡಿಯುತ್ತೆ, ಸ್ಟ್ರೋಕ್ ಪೂರ್ತಿ ಫುಲ್ ಪ್ರೆಶರ್ ಬೇಕು, ಸ್ಟೀಮ್ ಹಿಗ್ಗಿ ಕೆಲಸ ಮಾಡೋಕೆ ಅವಕಾಶ ಇಲ್ಲ. ಮತ್ತೆ ಗ್ಲಾಂಡ್ ಪ್ಯಾಕಿಂಗ್ (ರಾಡ್ ಸುತ್ತ ಸೋರದ ಹಾಗೆ ತುರುಕೋದು) ತೀರಾ ಬಿಗಿ ಮಾಡ್ಬೇಡಿ, ರಾಡ್ ಮೇಲೆ ಗೀರು ಬೀಳುತ್ತೆ, ನೀರಿನ ಕಡೆ ಒಂದೊಂದು ಹನಿ ತೊಟ್ಟಿಕ್ತಾ ಇರ್ಲಿ.