ಹೋಂವರ್ಕ್ ಮಾಡಿಸದ ಕ್ಲಾಸು: ಮಗಳ ರೆಮಿಡಿಯಲ್ ಪಾಠದ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹೆಸರು, ಫೋನ್ ನಂಬರ್ ಯಾವುದೂ ಸಿಗುವುದಿಲ್ಲ. ಟೀಚರ್ ಬೇಡ ಅಂದಿದ್ದಾರೆ. ಮೈಸೂರಿನ ಕುವೆಂಪುನಗರದ ಕಡೆ, ತಮ್ಮ ಮನೆಯ ಮಹಡಿ ಮೇಲಿನ ಒಂದೇ ರೂಮಿನಲ್ಲಿ, ಓದುಬರಹ ಕಷ್ಟವಾಗುವ ಮಕ್ಕಳಿಗೆ ಪಾಠ ಮಾಡುತ್ತಾರೆ. ಒಂದು ಹೊತ್ತಿಗೆ ಮೂರೇ ಮಕ್ಕಳು. ಬೋರ್ಡು ಹಾಕಿದರೆ ಜನ ಜಾಸ್ತಿ ಆಗುತ್ತಾರೆ, ಆಮೇಲೆ ಇಲ್ಲ ಅನ್ನೋಕೆ ಆಗಲ್ಲ ಅನ್ನುತ್ತಾರೆ. ಆದರೂ ಬರೆಯುತ್ತಿದ್ದೇನೆ. ಇಂಥ ಕ್ಲಾಸು ಹುಡುಕುವಾಗ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಸುಮ್ನೆ ದುಡ್ಡು ಕೀಳುತ್ತದೆ ಅಂತ ಗೊತ್ತಾಗುವುದೇ ಕಷ್ಟ, ಅಲ್ವಾ?

ಮಗಳು ನಾಲ್ಕನೇ ಕ್ಲಾಸು. ಓದಿ ಹೇಳಿದರೆ ಪಾಠ ಪೂರ್ತಿ ನೆನಪಿಟ್ಟು ಒಪ್ಪಿಸುತ್ತಾಳೆ. ಪುಸ್ತಕ ಕೈಗೆ ಕೊಟ್ಟರೆ ಮೂರನೇ ಸಾಲಿಗೆ ನೀರು ಕುಡಿಯಬೇಕು ಅಂತ ಎದ್ದು ಹೋಗುತ್ತಾಳೆ.

ಈ ಟೀಚರ್ ಸೇರಿಸಿಕೊಳ್ಳುವ ಮುಂಚೆ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ. "ಕಣ್ಣು, ಕಿವಿ ತೋರಿಸಿದ್ದೀರಾ ಸರ್? ಅಸೆಸ್‌ಮೆಂಟ್ ಆಗಿದೆಯಾ?" ಅಂದರು. ನಮಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರ. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಮಾತು ಮತ್ತು ಕಿವಿಯ ಜೊತೆ ಓದುಬರಹದ ತೊಂದರೆಯನ್ನೂ ನೋಡುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ರಿಪೋರ್ಟಿನಲ್ಲಿ ಡಿಸ್‌ಲೆಕ್ಸಿಯಾ ಅಂತ ಬಂತು, ಅಂದರೆ ಓದುವುದು, ಬರೆಯುವುದೇ ಕಷ್ಟವಾಗುವ ಕಲಿಕಾ ನ್ಯೂನತೆ. ಬುದ್ಧಿ ವಯಸ್ಸಿಗೆ ತಕ್ಕಂತೆ ಇದೆ ಅಂತಲೂ ಬರೆದಿದ್ದರು. ಆ ಸಾಲನ್ನು ನಮ್ಮಮ್ಮನಿಗೆ ಎರಡು ಸಲ ಓದಿ ಹೇಳಿದೆ, ಯಾಕೆಂದರೆ ಮನೆಯಲ್ಲಿ "ಸೋಮಾರಿ" ಅನ್ನುತ್ತಿದ್ದವರು ಅವರೇ.

ಇನ್ನು ಪಾಠ. ನನ್ನದು ಡಿಟಿಪಿ ಅಂಗಡಿ, ದಿನವಿಡೀ ಕನ್ನಡ ಅಕ್ಷರದ ಜೊತೆಯೇ ಬದುಕು. ಹಾಗಾಗಿ ಒಂದು ದಿನ ಕೇಳಿಕೊಂಡು ಮೂಲೆಯಲ್ಲಿ ಕೂತು ನೋಡಿದೆ. ಮೊದಲ ಹತ್ತು ನಿಮಿಷ ಪುಸ್ತಕವೇ ಇಲ್ಲ, ಬರೀ ಕಿವಿಯ ಕೆಲಸ. "ಕಾಗೆಯಿಂದ ಕಾ ತೆಗೆದರೆ ಏನು ಉಳಿಯಿತು?" "ಮರದಲ್ಲಿ ಮ ತೆಗೆದು ಬ ಹಾಕು." ಆಮೇಲೆ ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳು ಬಂದವು. ಮಕ್ಕಳು ಎರಡು ಬೆರಳಿನಲ್ಲಿ ಅದನ್ನು ತಿದ್ದುತ್ತಾ ಬಾಯಲ್ಲಿ ಅದರ ಸದ್ದು ಹೇಳಬೇಕು. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಆರ್ಟನ್-ಗಿಲ್ಲಿಂಗ್‌ಹ್ಯಾಂ ಪದ್ಧತಿಯ ದಾರಿ ಇದು. ಅದು ಇಂಗ್ಲಿಷಿಗೆ ಮಾಡಿದ್ದು, ಟೀಚರ್ ಕನ್ನಡಕ್ಕೆ ತಾವೇ ಹೊಂದಿಸಿಕೊಂಡಿದ್ದಾರೆ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಯಾಕೆಂದರೆ ಕನ್ನಡದ ಕಷ್ಟವೇ ಬೇರೆ. ಮ ಮತ್ತು ವ ನೋಡಿ, ಒಂದು ಬಾಲದ ವ್ಯತ್ಯಾಸ. ಅದನ್ನು ದಾಟಿದರೆ ಕಾಗುಣಿತ. ಅದನ್ನೂ ದಾಟಿದರೆ ಒತ್ತಕ್ಷರ. "ಅಕ್ಕ"ದಲ್ಲಿ ಕ ಕೆಳಗೆ ಪುಟ್ಟದೊಂದು ಕ ಕಾಣುತ್ತದೆ, ಮಗು ಹಿಡಿದುಬಿಡುತ್ತದೆ. "ಅಮ್ಮ"ದಲ್ಲಿ ಕೆಳಗಿರುವುದು ಮ ಥರ ಇಲ್ಲವೇ ಇಲ್ಲ! ತ, ನ, ಯ, ರ, ಲ ಇವುಗಳ ಒತ್ತೂ ಹಾಗೇ. ಟೀಚರ್ ಮೊದಲ ಗುಂಪನ್ನು ಚೆನ್ನಾಗಿ ಗಟ್ಟಿ ಮಾಡಿಸಿದ ಮೇಲೇ ಎರಡನೆಯದಕ್ಕೆ ಕೈ ಹಾಕುತ್ತಾರೆ. ಶಾಲೆಯಲ್ಲಿ ಎಲ್ಲ ಒತ್ತೂ ಒಂದೇ ಪಟ್ಟಿಯಲ್ಲಿ ಬಂದುಬಿಡುತ್ತವೆ.

ಅರ್ಕಾವತ್ತು ಹೇಳಿಕೊಟ್ಟಿದ್ದಂತೂ ನೋಡಬೇಕಿತ್ತು. ನನ್ನ ಮಗಳು "ಸೂರ್ಯ"ವನ್ನು "ಸೂಯ್ರ" ಅಂತಲೇ ಓದುತ್ತಿದ್ದಳು. ಯೋಚಿಸಿದರೆ ಅವಳು ಕಂಡಿದ್ದನ್ನೇ ಓದುತ್ತಿದ್ದಾಳೆ, ಯ ಮುಂದಿದೆ, ರ ಹಿಂದಿದೆ. ಟೈಪ್ ಮಾಡುವಾಗ ನಾನು ರ ಮೊದಲು ಒತ್ತಿದರೂ ಸ್ಕ್ರೀನ್ ಮೇಲೆ ಅದು ಹಿಂದೆ ಹೋಗಿ ಕೂರುತ್ತದೆ, ಇಷ್ಟು ವರ್ಷದಲ್ಲಿ ಒಂದು ದಿನವೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಟೀಚರ್ ಅರ್ಕಾವತ್ತಿಗೆ ಮಾತ್ರ ಕೆಂಪು ಬಿಲ್ಲೆ ಮಾಡಿದ್ದಾರೆ. "ಇವನು ಹಿಂದೆ ನಿಂತಿರ್ತಾನೆ ಪುಟ್ಟಾ, ಆದ್ರೆ ಮೊದಲು ಕೂಗೋನು ಇವನೇ." ಮಗಳು ಬಿಲ್ಲೆಯನ್ನು ಎತ್ತಿ ಯ ಮುಂದೆ ಇಟ್ಟು ಓದಿದಳು, ವಾಪಸ್ ಹಿಂದೆ ಇಟ್ಟು ಮತ್ತೆ ಓದಿದಳು. ಆಮೇಲೆ ಸರದಿಯಲ್ಲಿ ಕರ್ಣ, ಪರ್ಸು, ಕುರ್ಚಿ. ಈಗಲೂ "ಸೂರ್ಯ" ಬಂದರೆ ಅರೆಕ್ಷಣ ನಿಲ್ಲುತ್ತಾಳೆ, ಆದರೆ ಸರಿಯಾಗಿ ಓದುತ್ತಾಳೆ.

ಇಲ್ಲಿಗೆ ಬರುವ ಮುಂಚೆ ಇನ್ನೊಂದು ಕಡೆ ವಿಚಾರಿಸಿದ್ದೆವು. ಎಸಿ ರೂಮು, ಬಣ್ಣಬಣ್ಣದ ಬ್ರೋಷರ್, "ಬ್ರೇನ್ ಆಕ್ಟಿವೇಷನ್", ಮೂರು ತಿಂಗಳಲ್ಲಿ ಗ್ಯಾರಂಟಿ, ಪೂರ್ತಿ ಫೀಸು ಅಡ್ವಾನ್ಸ್. ಜೊತೆಗೆ ಅಕ್ಷರದ ಮೇಲಿಟ್ಟು ಓದುವ ಬಣ್ಣದ ಪ್ಲಾಸ್ಟಿಕ್ ಹಾಳೆಗೆ ಬೇರೆ ದುಡ್ಡು. ಬಣ್ಣದ ಹಾಳೆ, ಬಣ್ಣದ ಕನ್ನಡಕದಿಂದ ಡಿಸ್‌ಲೆಕ್ಸಿಯಾಗೆ ಉಪಯೋಗ ಇದೆ ಅನ್ನಲು ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರು, ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಡಿಸ್‌ಲೆಕ್ಸಿಯಾ ಕಾಯಿಲೆಯಲ್ಲ, ವಾಸಿ ಮಾಡುತ್ತೇನೆ ಅನ್ನುವವರ ಹತ್ತಿರ ನಿಲ್ಲಲೇಬೇಡಿ. ನಮ್ಮ ಟೀಚರ್ ಯಾವ ತಿಂಗಳ ಲೆಕ್ಕವನ್ನೂ ಕೊಡಲಿಲ್ಲ. "ನಿಧಾನ ಆಗುತ್ತೆ, ಮನೇಲಿ ದಿನಾ ಹದಿನೈದು ನಿಮಿಷ ನೀವೂ ಕೂರಬೇಕು" ಅಂದರು.

ಅವರಿಂದ ಆದ ಇನ್ನೊಂದು ಉಪಕಾರ ಸರ್ಟಿಫಿಕೇಟಿನ ಮಾಹಿತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. 2018ರ ಮಾರ್ಗಸೂಚಿಯಲ್ಲಿ ಸರ್ಟಿಫಿಕೇಟು ಎಂಟು ವರ್ಷ ತುಂಬಿದ ಮೇಲೆ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಅಂತ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಬೇಕಾದರೆ ಕಾಗದಪತ್ರ ಈಗಿನಿಂದಲೇ ಜೋಪಾನ ಮಾಡಿ ಅಂದರು. ಶಾಲೆಗೂ ಒಂದು ಪತ್ರ ಬರೆದುಕೊಟ್ಟರು: ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ, ಬೋರ್ಡಿನಿಂದ ನಕಲು ಮಾಡಲು ಟೈಮ್ ಕೊಡಿ, ಕೆಲವು ಪ್ರಶ್ನೆಗೆ ಬಾಯಲ್ಲೇ ಉತ್ತರ ಕೇಳಿ. ಕ್ಲಾಸ್ ಟೀಚರ್ ಮೊದಲ ಎರಡನ್ನು ಒಪ್ಪಿದರು.

ದೂರುಗಳೂ ಇವೆ. ವರ್ಕ್‌ಶೀಟುಗಳು ಜೆರಾಕ್ಸಿನ ಜೆರಾಕ್ಸು, ಒತ್ತಕ್ಷರದ ಜಾಗದಲ್ಲಿ ಕಪ್ಪು ಚುಕ್ಕೆ. ಒತ್ತು ಕಲಿಸುವ ಹಾಳೆಯಲ್ಲೇ ಒತ್ತು ಕಾಣದಿದ್ದರೆ ಹೇಗೆ? ನಾನೇ ಅವನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳ ಮಧ್ಯೆ ಜಾಗ ಬಿಟ್ಟು ಮತ್ತೆ ಟೈಪ್ ಮಾಡಿಕೊಟ್ಟೆ. ಅವರು ಖುಷಿಯಿಂದ ಎಲ್ಲ ಮಕ್ಕಳಿಗೂ ಹಂಚಿದರು, ಫೀಸಿನಲ್ಲಿ ಮಾತ್ರ ಒಂದು ರೂಪಾಯಿ ಕಮ್ಮಿ ಮಾಡಲಿಲ್ಲ! ಕಾಯುವ ಪೋಷಕರಿಗೆ ಮೆಟ್ಟಿಲೇ ಗತಿ. ತಾವು ರಜೆ ಹಾಕಿದರೆ ಬದಲಿ ಕ್ಲಾಸ್ ಕೊಡುವುದಿಲ್ಲ. ಹೋಂವರ್ಕು ಮುಟ್ಟುವುದೇ ಇಲ್ಲ, ಟೆಸ್ಟಿಗೆ ಓದಿಸುವುದೂ ಇಲ್ಲ. ಇದನ್ನೇ ದೊಡ್ಡ ತಪ್ಪು ಅಂತ ಕೆಲವು ತಂದೆತಾಯಿ ಮಕ್ಕಳನ್ನು ಬಿಡಿಸಿದ್ದಾರೆ. ನನ್ನ ಪ್ರಕಾರ ನಾವು ದುಡ್ಡು ಕೊಡುತ್ತಿರುವುದೇ ಅದಕ್ಕೆ. ನಾಳೆಯ ಟೆಸ್ಟಿಗೆ ಉರು ಹೊಡೆಸುವವರು ಬೀದಿಗೆ ಇಬ್ಬರು ಸಿಗುತ್ತಾರೆ, ಓದುವುದನ್ನೇ ಬುಡದಿಂದ ಹೇಳಿಕೊಡುವವರು ಸಿಗುವುದಿಲ್ಲ.

ಗಂಟೆಗೆ 400 ರೂಪಾಯಿ, ವಾರಕ್ಕೆ ಮೂರು ದಿನ, ತಿಂಗಳಿಗೊಮ್ಮೆ ಕೊಟ್ಟರಾಯಿತು. ಸಣ್ಣ ಅಂಗಡಿಯವನಿಗೆ ಇದು ಕಮ್ಮಿಯೇನಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಟ್ ಆಗಿದ್ದು ಲೆಕ್ಕದ ವಿಷಯಕ್ಕೆ. ಮಗಳಿಗೆ ಮಗ್ಗಿಯಲ್ಲೂ ತೊಂದರೆ ಇದೆ, ಅದು ನನ್ನ ಕೆಲಸ ಅಲ್ಲ ಅಂತ ಟೀಚರ್ ನೇರವಾಗಿ ಹೇಳಿದ್ದಾರೆ. ಮೈಸೂರಿನಲ್ಲಿ ಇಂಥ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು, ಅದರಲ್ಲೂ ಕನ್ನಡದಲ್ಲಿ ಹೇಳಿಕೊಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಂಜೆ ಐದರ ನಂತರ ಆದರೆ ಅನುಕೂಲ.