ಜಾಝ್ ಪದವಿ: ಆನ್‌ಲೈನೋ, ಮಹಾನಗರದ ಡಿಪ್ಲೊಮಾವೋ, ಜರ್ಮನಿಯೋ

ಜಾಝ್ ಕಲಿಸುವ ಕಾಲೇಜುಗಳಿಗೆ ಇಂದು ಕೊರತೆಯಿಲ್ಲ. ಅಮೆರಿಕದ ಡೆಂಟನ್ ಪಟ್ಟಣದಲ್ಲಿ ಈಗಿನ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯವು 1947ರಲ್ಲಿ ‘ಡ್ಯಾನ್ಸ್ ಬ್ಯಾಂಡ್’ ಎಂಬ ಹೆಸರಿನಡಿ ಇದಕ್ಕೊಂದು ಪದವಿಯನ್ನು ಆರಂಭಿಸಿತು. ಅಂದು ‘ಜಾಝ್’ ಎಂದು ನೇರವಾಗಿ ಹೇಳಲು ಹಿಂಜರಿಕೆಯಿತ್ತು. ಈಗ ದೊಡ್ಡ ಸಂಗೀತ ಶಾಲೆಗಳಲ್ಲಿ ಅದರ ವಿಭಾಗವಿಲ್ಲದಿರುವುದೇ ಅಪರೂಪ. ಆದರೆ ಬೆಳಗಾವಿಯಲ್ಲಿ ಕುಳಿತು ಆರಿಸುವವನಿಗೆ ಎಲ್ಲರ ಮಾಹಿತಿ ಪುಸ್ತಿಕೆಯೂ ಒಂದೇ ರೀತಿ ಕಾಣುತ್ತದೆ, ಓದಿ ಬಂದವರನ್ನು ಕೇಳೋಣವೆಂದರೆ ಊರಿನಲ್ಲಿ ಅಂಥವರು ಸಿಗುವುದು ಕಷ್ಟ. ಊರಿನ ದಂಡುಪ್ರದೇಶವಾದ ಕ್ಯಾಂಪಿನಲ್ಲಿ ಸೈನ್ಯದ ಬ್ಯಾಂಡಿನಿಂದ ನಿವೃತ್ತರಾದ ಮಾಸ್ತರರೊಬ್ಬರ ಬಳಿ ಆಲ್ಟೊ ಸ್ಯಾಕ್ಸೊಫೋನ್ ಕಲಿತ ನಾನು, ಹಣ ಕಟ್ಟುವ ಮೊದಲು ಮೂರು ದಾರಿಗಳನ್ನೂ ಸ್ವಲ್ಪ ದೂರ ನಡೆದು ನೋಡಿದೆ. ಅಳೆಯಲು ಇಟ್ಟುಕೊಂಡ ಪ್ರಶ್ನೆ ಒಂದೇ: ವಾರದಲ್ಲಿ ಎಷ್ಟು ಹೊತ್ತು ನನಗಿಂತ ಚೆನ್ನಾಗಿ ನುಡಿಸುವವರ ಜೊತೆ ಕೂತು ನುಡಿಸಲು ಸಿಗುತ್ತದೆ?

ಮೊದಲು ನೋಡಿದ್ದು ಅಮೆರಿಕದ ಪೂರ್ವ ಕರಾವಳಿಯ ಸಂಸ್ಥೆಯೊಂದರ ಆನ್‌ಲೈನ್ ಪದವಿಯನ್ನು. ಅದರಲ್ಲಿ ಸ್ವರಗಳನ್ನು ಒಟ್ಟಿಗೆ ಹೊಂದಿಸುವುದನ್ನು ಕಲಿಸುವ ಹಾರ್ಮನಿಯ ಒಂದು ಕೋರ್ಸನ್ನು ಮಾತ್ರ ತೆಗೆದುಕೊಂಡೆ. ಪಾಠ ಅಚ್ಚುಕಟ್ಟಾಗಿತ್ತು. ಕಳುಹಿಸಿದ ರೆಕಾರ್ಡಿಂಗಿಗೆ ಶಿಕ್ಷಕರು ಯಾವ ಬಾರಿನಲ್ಲಿ (ಲಯದ ಒಂದು ಅಳತೆಯಲ್ಲಿ) ಯಾವ ಸ್ವರ ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಕ್ಕೆ, ಹೊಂದಲಿಲ್ಲವೆಂದು ಬರೆದು ಕಳುಹಿಸುತ್ತಿದ್ದರು, ಅಷ್ಟು ಬಿಡಿಸಿ ತಿದ್ದುವವರು ಎದುರು ಕೂತು ಕಲಿಸುವಲ್ಲಿಯೂ ಕಡಿಮೆ. ತೊಂದರೆ ಇದ್ದುದು ಬೇರೆಡೆ. ಚಳಿಗಾಲದಲ್ಲಿ ಅಲ್ಲಿನ ರಾತ್ರಿ ಎಂಟೆಂದರೆ ನಮಗೆ ಮರುದಿನ ಬೆಳಗಿನ ಆರೂವರೆ. ಟಿಳಕವಾಡಿಯ ಓಣಿಯಲ್ಲಿ ಆ ಹೊತ್ತಿಗೆ ಸ್ಯಾಕ್ಸೊಫೋನ್ ಊದುವವನನ್ನು ನೆರೆಯವರು ಬಹಳ ದಿನ ಸಹಿಸಲಾರರು. ಅದನ್ನಾದರೂ ಸಂಭಾಳಿಸಬಹುದು. ಆದರೆ ಇಂಟರ್‌ನೆಟ್ಟಿನಲ್ಲಿ ಧ್ವನಿ ತಲುಪಲು ಹಿಡಿಯುವ ಸಮಯದಿಂದಾಗಿ ಖಂಡದಾಚೆಯ ಡ್ರಮ್ ವಾದಕನ ಜೊತೆ ಒಂದೇ ಲಯದಲ್ಲಿ ನುಡಿಸುವುದು ಆಗದ ಮಾತು. ಹಾಗಾಗಿ ಎಲ್ಲವನ್ನೂ ಮೊದಲೇ ರೆಕಾರ್ಡ್ ಆದ ಬ್ಯಾಕಿಂಗ್ ಟ್ರ್ಯಾಕಿನ ಮೇಲೆ ನುಡಿಸಬೇಕಾಗುತ್ತದೆ, ಅದು ಮಷಿನ್ ತಬಲಾದ ಠೇಕಾಕ್ಕೆ ಖ್ಯಾಲ್ ಹಾಡಿದಂತೆ: ನಾನು ತಿಹಾಯಿ ಹಾಕಿದರೂ ಅದು ತಲೆದೂಗದು, ತಪ್ಪಿದರೂ ಕೈಹಿಡಿಯದು.

ಎರಡನೆಯದು ನಮ್ಮದೇ ದೇಶದ ಮಹಾನಗರವೊಂದರ ಖಾಸಗಿ ಶಾಲೆಯ ಡಿಪ್ಲೊಮಾ. ಸೇರುವ ಮುನ್ನ ಅವರ ಬೇಸಿಗೆ ಶಿಬಿರಕ್ಕೆ ಹೋದೆ. ಅಲ್ಲಿ ಸಂಜೆಯ ಹೊತ್ತು ಪಿಯಾನೊ, ತಗ್ಗು ಸ್ವರದ ತಂತಿವಾದ್ಯವಾದ ಬಾಸ್, ಡ್ರಮ್ಸ್ ಸೇರಿದ ಗುಂಪಿನಲ್ಲಿ ನುಡಿಸಬೇಕಿತ್ತು. ನನ್ನ ನಿಜವಾದ ಕೊರತೆ ಬಯಲಾದದ್ದು ಅಲ್ಲಿಯೇ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮೂರಿನ ಮಗ್ಗುಲಲ್ಲೇ ಇದೆ. ಈ ಸೀಮೆಯವರ ಕಿವಿ ಕದಲದ ಷಡ್ಜದ ಮೇಲೆ ಬೆಳೆದದ್ದು. ಜಾಝಿನಲ್ಲಿ ಸ್ವರ ನಿಂತಲ್ಲೇ ನಿಂತಿದ್ದರೂ ಅದರ ಕೆಳಗಿನ ನೆಲ ಜರುಗುತ್ತದೆ. ಶಿಕ್ಷಕರು ವಾದ್ಯವನ್ನು ಕೆಳಗಿಡಿಸಿ, ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಮೂರು ಕಾರ್ಡುಗಳನ್ನು ಪಿಯಾನೊದಲ್ಲಿ ನಿಧಾನವಾಗಿ ನುಡಿಸುತ್ತ, ಪ್ರತಿಯೊಂದರ ಮೂಲಸ್ವರದಿಂದ ಎಣಿಸಿದ ಮೂರನೆಯ ಮತ್ತು ಏಳನೆಯ ಸ್ವರವನ್ನು ಮಾತ್ರ ಹಾಡಿಸಿದರು. ಸಿ ಯನ್ನು ಷಡ್ಜವೆಂದುಕೊಂಡರೆ ಮೊದಲ ಕಾರ್ಡಿನಲ್ಲಿ ಆ ಸ್ವರಗಳು ಮಧ್ಯಮ ಮತ್ತು ಷಡ್ಜ. ಎರಡನೆಯದು ಬಂದಾಗ ಮಧ್ಯಮ ಹಾಗೆಯೇ ಉಳಿದು ಷಡ್ಜ ಅರ್ಧ ಸ್ವರ ಇಳಿದು ನಿಷಾದವಾಗುತ್ತದೆ. ಮೂರನೆಯದಕ್ಕೆ ನಿಷಾದ ಉಳಿದು ಮಧ್ಯಮ ಗಾಂಧಾರಕ್ಕೆ ಇಳಿಯುತ್ತದೆ. ಆನ್‌ಲೈನ್ ಕೋರ್ಸಿನಲ್ಲಿ ಇದನ್ನೇ ಕಾಗದದ ಮೇಲೆ ಬಿಡಿಸಿ ಪೂರ್ಣ ಅಂಕ ಪಡೆದಿದ್ದೆ, ಆದರೆ ಬಾಸಿನ ನಡೆ ಎದೆಗೆ ತಾಗುವಷ್ಟು ಹತ್ತಿರ ನಿಂತು ಹಾಡಿದಾಗ ಮಾತ್ರ ಅದು ಕಿವಿಗೆ ಇಳಿಯಿತು.

ಆ ಶಾಲೆಯ ದೌರ್ಬಲ್ಯವೆಂದರೆ ವಿದ್ಯಾರ್ಥಿಗಳ ಮಟ್ಟ ಒಂದೇ ಸಮನಾಗಿಲ್ಲದಿರುವುದು. ಹಲವರು ಸಿನಿಮಾ ಸಂಗೀತದ ಪ್ರೋಗ್ರಾಮಿಂಗ್ ಕಲಿಯಲು ಬಂದವರು, ಅವರಿಗೆ ಜಾಝಿನ ತೂಗುವ ಲಯವಾದ ಸ್ವಿಂಗ್ ಒಂದು ಕಡ್ಡಾಯ ವಿಷಯವಷ್ಟೇ. ಶುಲ್ಕದ ಜೊತೆಗೆ ನಗರದ ಬಾಡಿಗೆಯೂ ಸೇರಿದರೆ ಖರ್ಚು ವಿದೇಶದ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಕೈಗೆ ಬರುವ ಡಿಪ್ಲೊಮಾವನ್ನು ವಿಶ್ವವಿದ್ಯಾಲಯದ ಪದವಿಗೆ ಸಮವೆಂದು ಭಾವಿಸಬಾರದೆಂಬುದನ್ನು ಮನೆಯಲ್ಲಿ ಅಪ್ಪನಿಗೆ ಮೊದಲೇ ಹೇಳಿಬಿಟ್ಟೆ.

ಮೂರನೆಯದು ಜರ್ಮನಿಯ ಸರ್ಕಾರಿ ಸಂಗೀತ ಕಾಲೇಜುಗಳು. ಜಾಝ್ ತರಗತಿಯ ಇತಿಹಾಸದಲ್ಲಿ ಆ ದೇಶ ಅಮೆರಿಕಕ್ಕಿಂತ ಹಿಂದಿಲ್ಲ. ಫ್ರಾಂಕ್‌ಫರ್ಟಿನ ಹೋಖ್ ಕನ್ಸರ್ವೇಟರಿಯಲ್ಲಿ 1928ರಲ್ಲಿಯೇ ಮಾತ್ಯಾಶ್ ಶೈಬರ್ ಅವರ ಕೈಕೆಳಗೆ ಜಾಝ್ ತರಗತಿ ಆರಂಭವಾಗಿತ್ತು, 1933ರಲ್ಲಿ ನಾಜಿಗಳು ಅದನ್ನು ಮುಚ್ಚಿಸಿದರು. ಹಲವು ರಾಜ್ಯಗಳಲ್ಲಿ ವಿದೇಶಿಯರಿಗೂ ಬೋಧನಾ ಶುಲ್ಕವಿಲ್ಲ. ಮನ್‌ಹೈಮ್, ಸ್ಟುಟ್‌ಗಾರ್ಟ್ ನಗರಗಳಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತದೆ. ವೀಸಾಕ್ಕಾಗಿ ಬ್ಯಾಂಕಿನಲ್ಲಿ ತೋರಿಸಬೇಕಾದ ಮೊತ್ತ ಮಾತ್ರ ಸಣ್ಣದಲ್ಲ, 2024ರ ಸೆಪ್ಟೆಂಬರಿನಲ್ಲಿ ಅದು ವರ್ಷಕ್ಕೆ 11,904 ಯೂರೊಗೆ ಏರಿತು. ಇವೆಲ್ಲಕ್ಕಿಂತ ಮುಂಚೆ ದಾಟಬೇಕಾದ ಹೊಸ್ತಿಲು ಪ್ರವೇಶ ಪರೀಕ್ಷೆ: ವಾದನ, ಕೇಳಿ ಗುರುತಿಸುವ ಪರೀಕ್ಷೆ, ಸಂಗೀತಶಾಸ್ತ್ರ, ಅದರ ಜೊತೆಗೆ ಜರ್ಮನ್ ಭಾಷೆ.

ಅಲ್ಲಿನ ಅಧ್ಯಾಪಕರೊಬ್ಬರು ಪರೀಕ್ಷೆಗೆ ಮುನ್ನ ವಿಡಿಯೊದಲ್ಲಿ ಮಾತಾಡಲು ಒಪ್ಪಿದರು. ನಾನು ಕಳುಹಿಸಿದ ಬ್ಲೂಸ್ ಕೇಳಿ ಅವರು ಸ್ವರಗಳ ಬಗ್ಗೆ ಏನೂ ಹೇಳಲಿಲ್ಲ. ಪ್ರತಿ ವಾಕ್ಯವೂ ಮೊದಲ ಬೀಟಿನಿಂದಲೇ ಏಕೆ ಶುರುವಾಗುತ್ತದೆ ಎಂದಷ್ಟೇ ಕೇಳಿದರು. ಮಾರ್ಚಿಂಗ್ ಬ್ಯಾಂಡಿನ ತಾಲೀಮು ನನ್ನ ನಾಲಿಗೆಯಲ್ಲಿ ಕೂತಿರುವುದನ್ನು ಅವರು ಕೆಲವೇ ನಿಮಿಷಗಳಲ್ಲಿ ಹಿಡಿದಿದ್ದರು. ಆಮೇಲೆ ಕೇಳಿದರೆ, ಅಲ್ಲಿ ಒಬ್ಬೊಬ್ಬರಿಗೂ ವಾರವಾರ ಪ್ರತ್ಯೇಕ ಪಾಠ, ಅದರ ಮೇಲೆ ಸಣ್ಣ ಗುಂಪು ಮತ್ತು ಬಿಗ್ ಬ್ಯಾಂಡ್. ನನ್ನ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆಲ್ಲೂ ಸಿಗಲಿಲ್ಲ.

ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿರುವ ಕೋಡಾರ್ಟ್ಸ್ ಕೂಡ ಮನಸ್ಸನ್ನು ಸೆಳೆಯಿತು, ಏಕೆಂದರೆ ಅಲ್ಲಿ ಜಾಝ್ ಜೊತೆಗೆ ಹರಿಪ್ರಸಾದ್ ಚೌರಾಸಿಯಾ ಅವರು ಮಾರ್ಗದರ್ಶನ ಮಾಡಿದ ಹಿಂದುಸ್ತಾನಿ ವಿಭಾಗವೂ ಬೆಳೆದಿದೆ. ಹೊರಗಿನವರಿಗೆ ಇರುವ ಶುಲ್ಕವನ್ನು ನೋಡಿ ಆ ಯೋಚನೆಯನ್ನು ಬಿಟ್ಟೆ.

ಹೀಗಾಗಿ ಜರ್ಮನಿಗೆ ಮೊದಲ ಅರ್ಜಿ. ಅಲ್ಲಿ ಆಗದಿದ್ದರೆ ಮಹಾನಗರದ ಡಿಪ್ಲೊಮಾ. ಆನ್‌ಲೈನ್ ಪದವಿಯನ್ನು ಪಟ್ಟಿಯಿಂದ ತೆಗೆದೆ, ಆದರೆ ಹಾಡೊಂದನ್ನು ಬೇರೆ ಬೇರೆ ವಾದ್ಯಗಳಿಗೆ ಹಂಚಿ ಬರೆಯುವ ಅರೇಂಜಿಂಗ್ ಕಲಿಯಲು ಅದರ ಬಿಡಿ ಕೋರ್ಸನ್ನು ಯಾರಿಗಾದರೂ ಧೈರ್ಯವಾಗಿ ಹೇಳುವೆ. ಅರ್ಜಿಯ ವಿಡಿಯೊವನ್ನು ಬ್ಯಾಕಿಂಗ್ ಟ್ರ್ಯಾಕಿನ ಮೇಲೆ ನುಡಿಸದೆ ಮನುಷ್ಯರ ಜೊತೆಗೇ ನುಡಿಸಬೇಕೆಂದು ಆ ಅಧ್ಯಾಪಕರು ಹೇಳಿದ್ದಾರೆ. ಡ್ರಮ್ಸ್‌ಗೆ ಆರ್ಕೆಸ್ಟ್ರಾದ ಗೆಳೆಯನಿದ್ದಾನೆ, ಪಿಯಾನೊಗೆ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಅಕ್ಕ ಒಪ್ಪಿದ್ದಾರೆ. ಬಾಸ್ ನುಡಿಸುವವರನ್ನು ಹುಡುಕಲು ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗಬೇಕಾಗಿದೆ.